ಕರ್ಪೂರದ ಗಂಟು

ನನಗಾಗ ಐವತ್ತೆಂಟು. ಒಂಬತ್ತು ವರ್ಷದ ಹಿಂದಿನ ಮಾತು. ಮೊನ್ನೆ ಪಕ್ಕದ ಮನೆಯವಳು, ಟ್ರಂಕು ಒರೆಸುವಾಗ ಸಿಕ್ಕಿತೆಂದು, ಒಂದು ಬಟ್ಟೆಯ ಗಂಟು ತಂದು ನನ್ನ ಕೈಗಿಟ್ಟಳು. "ನೀನು ಕಟ್ಕೊಟ್ಟಿದ್ದಲ್ವ ಅಕ್ಕ, ನೀನೇ ಇಟ್ಕೋ" ಅಂದಳು. ನನ್ನ ಹಳೇ ಸೀರೆಯ ಚೂರು. ನಾನೇ ಬಿಗಿದ ಗಂಟು, ಯಾರೂ ಬಿಚ್ಚಿರಲಿಲ್ಲ. ಬಿಚ್ಚಿದೆ. ನಾಲ್ಕು ಲವಂಗ ಇದ್ದವು. ಕರ್ಪೂರ ಹಾರಿಹೋಗಿ ವಾಸನೆ ಮಾತ್ರ ಉಳಿದಿತ್ತು...

ಅದನ್ನು ಕಟ್ಟಿದ್ದು ಅವಳ ಗಂಡನಿಗೆ. ವನಗೂರಿನಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ. ಬಾಯಿ ಜೋರು, ಸೊಕ್ಕಿನ ಮನುಷ್ಯ. ಆದರೆ ಬೇರೆ ಜೀಪು ಜಾರುವ ಏರಿನಲ್ಲಿ ಅವನದು ಜಾರುತ್ತಿರಲಿಲ್ಲ. ನನ್ನ ಸೊಸೆಗೆ ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಮುಟ್ಟಿಸಿದವನು ಅವನೇ.

ಜೀಪಿನಲ್ಲೇ ಲಡಾಖ್‌ಗೆ ಹೋಗಬೇಕು ಅನ್ನುವುದು ಅವನ ಹುಚ್ಚು. ಇಬ್ಬರು ಡ್ರೈವರ್ ಗೆಳೆಯರು ಜೊತೆಯಾದರು. ಅಷ್ಟು ಎತ್ತರದಲ್ಲಿ ಉಸಿರಿಗೆ ಗಾಳಿ ಸಾಲದಂತೆ ಎಂದು ಹೆದರಿ ಹೆಂಡತಿ ಅವನನ್ನು ಆಲೂರಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಮಾತ್ರೆ ಕೊಟ್ಟರು. ಹತ್ತುವ ಹಿಂದಿನ ದಿನದಿಂದಲೇ ನುಂಗಬೇಕು, ನಿಧಾನ ಹತ್ತಬೇಕು, ತಲೆನೋವು ವಾಂತಿ ಬಂದರೆ ಕೆಳಗಿಳಿದುಬಿಡಬೇಕು ಅಂದರಂತೆ.

ಅವನು ನನ್ನ ಜಗಲಿಯಲ್ಲಿ ಕೂತು ಅದನ್ನೆಲ್ಲ ಹೇಳಿ ನಕ್ಕ. "ಇಳಿಯಕ್ಕೆ ಅಷ್ಟು ದೂರ ಹೋಗ್ಬೇಕಾ ಅಕ್ಕ?"

"ಹೋಗೋ ಮಾರಾಯ. ನಿನ್ ಜೀಪು ಹತ್ತಿದೋರು ಕಕ್ಕೋದು ನೋಡಿವ್ನಿ, ನೀನು ಯಾವತ್ತು ಕಕ್ಕಿದ್ದೀಯ?" ಅಂದೆ.

ನಮಗೆ ಗೊತ್ತಿದ್ದ ಕಾಯಿಲೆ ಘಾಟಿಯ ವಾಂತಿ ಒಂದೇ. ನಿಂಬೆಹಣ್ಣು ಮೂಸಬೇಕು, ಶುಂಠಿ ಅಗಿಯಬೇಕು, ಮಧ್ಯದ ತಿರುವಿನಲ್ಲಿ ನಿಲ್ಲಬಾರದು. ಘಾಟಿ ಹತ್ತಿ ಮುಗಿದರೆ ತಾನಾಗೇ ಹೋಗುತ್ತದೆ. ಮಂಗಳೂರಿನಿಂದ ಬರುವಾಗ ಮಕ್ಕಳಿಗೆಲ್ಲ ಹೀಗೇ ಹೇಳಿದ್ದೇವೆ, ಹಾಗೇ ಆಗಿದೆ. ಅದಕ್ಕೇ ನಾನು ಒಣಶುಂಠಿ ಕುಟ್ಟಿ ಬೆಲ್ಲದಲ್ಲಿ ಉಂಡೆ ಮಾಡಿದೆ. ಮೂಸಲು ಕರ್ಪೂರ, ಲವಂಗ ಗಂಟು ಕಟ್ಟಿದೆ. ಮಾತ್ರೆಯನ್ನು ವಾಂತಿ ಬಂದಾಗ ನುಂಗಿದರಾಯಿತು ಎಂದು ಅವನು ಶರ್ಟಿನ ಜೇಬಿಗೆ ಹಾಕಿಕೊಂಡ. ನಾನೂ ಹೂಂ ಅಂದೆ.

ಹೊರಟ ಹನ್ನೆರಡನೇ ದಿನ ಮಧ್ಯಾಹ್ನ ಅಲ್ಲಿನ ಘಾಟಿ ದಾರಿಯಿಂದ ಫೋನು ಮಾಡಿದ. ಹೆಂಡತಿಗೆ ಹೇಳಿದರೆ ಅಳುತ್ತಾಳೆ ಎಂದು ನನಗೆ ಮಾಡಿದ್ದ. ಮಾತಿಗೊಂದು ಸಲ ಏದುಸಿರು.

"ತಲೆ ಸಿಡೀತೈತೆ ಅಕ್ಕ. ಎರಡು ಸಲ ವಾಂತಿ ಆಯ್ತು. ಇವ್ರು ವಾಪಸ್ ಇಳಿಯಾನ ಅಂತಾವ್ರೆ."

"ಮೇಲಕ್ಕೆ ಇನ್ನೆಷ್ಟು ಐತೆ?"

"ಒಂದ್ ಗಂಟೆ ದಾರಿ."

"ಅರ್ಧಕ್ಕೆ ನಿಲ್ಲಬ್ಯಾಡ ಕಣೋ. ಕರ್ಪೂರ ಮೂಸು, ಹತ್ತಿಬುಡು. ಮೇಲೆ ಹೋದ್ರೆ ಸರಿಹೋಯ್ತದೆ."

"ನಾನೂ ಅದನ್ನೇ ಅಂದೆ" ಅಂದ. ಫೋನು ಕಡಿಯಿತು.

ನಾನು ಮತ್ತೆ ಮಾಡಿದೆ. ಸಿಗಲಿಲ್ಲ. ಒಲೆ ಹಚ್ಚಿ, ಮತ್ತೆ ಮಾಡಿದೆ... ಸಂಜೆ ಗೆಳೆಯರು ಮಾಡಿದರು. ಎದೆಯಲ್ಲಿ ನೀರು ತುಂಬಿಕೊಂಡಿತ್ತಂತೆ. ಕೆಳಗೆ ತರುವ ದಾರಿಯಲ್ಲೇ ಹೋಗಿಬಿಟ್ಟನಂತೆ. ಮಾತ್ರೆ ಜೇಬಿನಲ್ಲೇ ಇತ್ತು, ಒಂದೂ ಬಿಡಿಸಿರಲಿಲ್ಲ. ಅವನ ಸಾಮಾನಿನ ಜೊತೆ ಈ ಗಂಟೂ ವಾಪಸು ಬಂದು ಅವಳ ಟ್ರಂಕು ಸೇರಿತ್ತು. ಇಲ್ಲಿ ಕೂತವಳು ನಾನು ಏನು ಮಾಡಲಿ? ಆಡಿದ ಮಾತು ಅಷ್ಟು ದೂರ ಹೋಗಿತ್ತು, ಅದನ್ನು ವಾಪಸು ಕರೆಯಲು ಆಗಲಿಲ್ಲ.

ಅವನ ಹೆಂಡತಿ ಊರಿಗೆಲ್ಲ ಹೇಳುತ್ತಾಳೆ, ಕೊನೆಗೆ ಅಕ್ಕನ ಹತ್ತಿರ ಮಾತಾಡಿ ಧೈರ್ಯ ತಗೊಂಡರು ಎಂದು. ಒಂಬತ್ತು ವರ್ಷದಿಂದ ಹಬ್ಬದ ಒಬ್ಬಟ್ಟು ಮೊದಲು ನನ್ನ ಮನೆಗೇ ಬರುತ್ತದೆ. ತಿನ್ನುತ್ತೇನೆ. ಏನು ಮಾತಾಡಿದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದರೆ ಅವನು ಎದ್ದು ಬರುತ್ತಾನಾ ಅಂದುಕೊಂಡು ಸುಮ್ಮನಿದ್ದೆ.

ಮೊನ್ನೆ ಗಂಟನ್ನು ಮತ್ತೆ ಕಟ್ಟಲು ನೋಡಿದೆ. ಲವಂಗ ನೆಲಕ್ಕೆ ಉದುರಿದವು.

ಮರುದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ರೊಟ್ಟಿ ತಟ್ಟುತ್ತಿದ್ದಳು. ಮಣೆ ಸರಿಸಿ, "ಕೂತ್ಕೋ ಅಕ್ಕ" ಅಂದಳು. ಕೂರಲಿಲ್ಲ. ಅವತ್ತು ಫೋನಿನಲ್ಲಿ ನಾನು ಅಂದದ್ದನ್ನು ನಿಂತೇ, ಒಂದು ಮಾತೂ ಬಿಡದೆ ಹೇಳಿದೆ.