ಕೆಳಗಿನ ಮನೆಯ ಕಾಕೂ ಮತ್ತು ನನ್ನ ಮೂಕ ಮಷೀನು

ಒಂದು ನಿಮಿಷ, ಆ ಬೆರಳನ್ನು ಅಲ್ಲೇ ತಡೆಯಿರಿ. ‘ಲ್ಯಾಂಡ್ ಅಂಡ್ ವಾಟರ್’ ಎಂದು ದಪ್ಪಕ್ಷರದಲ್ಲಿ ಬರೆದಿರುವ ಆ ಅಗ್ಗದ ಮೆಟಲ್ ಡಿಟೆಕ್ಟರನ್ನು ಕಾರ್ಟಿಗೆ ಹಾಕುವ ಮೊದಲು ನಮ್ಮ ಕೆಳಗಿನ ಮನೆಯ ಕಾಕೂ ವಿಷಯ ಕೇಳಿಬಿಡಿ. ಆಮೇಲೆ ಬೇಕಾದರೆ ಹಾಳಾಗಿ.

ಕಾಕೂ ಬಲಗೈಯ ಮೂರು ಬೆರಳ ತುದಿ ಯಾವಾಗಲೂ ಹಸಿರುಗಪ್ಪಾಗಿರುತ್ತಿತ್ತು. ಸಮುದ್ರದ ಮರಳಲ್ಲಿ ವರ್ಷಗಟ್ಟಲೆ ಹೂತಿದ್ದ ನಾಣ್ಯಗಳನ್ನು ಉಜ್ಜಿ ಉಜ್ಜಿ ಹತ್ತಿದ ಬಣ್ಣ. ನಿಂಬೆಹೋಳಿನಿಂದ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಅದು ಉಳಿದೇ ಇರುತ್ತಿತ್ತು. ಬಿಸಿಲಿಗೆ ಕಂದಿದ ಮುಖದಲ್ಲಿ ಎರಡು ಕೆನ್ನೆಯ ಮೇಲೂ ಹೆಡ್‌ಫೋನಿನ ಗುರುತು ಬೆಳ್ಳಗೆ ಕಾಣುತ್ತಿತ್ತು. ಮೊಣಕಾಲುದ್ದಕ್ಕೆ ಮಡಿಸಿದ ನೈಲಾನ್ ಪ್ಯಾಂಟು, ಮೇಲೆ ಅಳಿಯನ ಹಳೆಯ ಜಾಕೆಟ್ಟು, ಸೊಂಟದಲ್ಲಿ ಭಜಿ ತೆಗೆಯುವ ತೂತಿನ ಸೌಟು. ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅವರನ್ನು ಮೊದಲ ಸಲ ನೋಡಿದವರು ಗಾಬರಿಯಾಗಿ ಕಾರಿನ ಬಾಗಿಲು ಲಾಕ್ ಮಾಡಿಕೊಳ್ಳುತ್ತಿದ್ದರು.

ಧಾರವಾಡದ ಕಡೆಯವರು, ಅಲ್ಲಿ ಚಿಕ್ಕಮ್ಮನಿಗೆ ಕಾಕೂ ಅನ್ನುತ್ತಾರೆ. ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ತಪ್ಪು ಹುಡುಕುವ ಕೆಲಸ ಮಾಡಿ ರಿಟೈರ್ ಆಗಿದ್ದರು. ಜೀವಮಾನವಿಡೀ ತಪ್ಪು ಹುಡುಕಿದವರಿಗೆ ರಿಟೈರ್ ಆದಮೇಲೆ ಮನುಷ್ಯರು ಸಿಕ್ಕಿದರು. ಬೀಚಿಗೆ ಮಷೀನು ಹಿಡಿದು ಹೋಗುವುದು ಏಕೆಂದು ಕೇಳಿದರೆ, “ಸುಮ್ನ ಕೈ ಬೀಸಿಕೊಂತ ವಾಕಿಂಗ್ ಹೋಗಾಕ ನಾನೇನ್ ಕ್ಯುಪರ್ಟಿನೋದಾಕಿ ಏನ್ ಬೇ?” ಅನ್ನುತ್ತಿದ್ದರು.

ಪಕ್ಕದ ದುಡ್ಡಿದ್ದವರ ಊರಾದ ಕ್ಯುಪರ್ಟಿನೋ ಮೇಲೆ ಅವರಿಗೆ ವಿಶೇಷ ತಾತ್ಸಾರ. ಅದಕ್ಕೆ ಕಾರಣ ಅಲ್ಲಿನ ಒಬ್ಬ ಅಂಕಲ್ಲು. ಈ ಹವ್ಯಾಸದಲ್ಲಿ ನಿಮಗೆ ಇಂಥವರು ಸಿಕ್ಕೇ ಸಿಗುತ್ತಾರೆ. ಅತ್ಯಂತ ದುಬಾರಿ ಮಷೀನು ಕೊಂಡು, ಅದಕ್ಕೊಂದು ಬ್ಯಾಗು ಕೊಂಡು, ಬ್ಯಾಗಿಗೊಂದು ಕವರು ಕೊಂಡು, ಕೊನೆಗೆ ಗ್ಯಾರೇಜಿನಲ್ಲಿ ಅದರ ಜೊತೆ ಫೋಟೋ ತೆಗೆಸಿಕೊಳ್ಳುವ ಜಾತಿ. ಅವರು ಒಂದು ಶನಿವಾರ ಕಾಕೂಗೆ ತೋರಿಸಲೆಂದೇ ಮಷೀನು ತಂದರು.

“ಟಾಪ್ ಮಾಡೆಲ್ ಮೇಡಂ. ಬ್ಲೂಟೂತ್ ಇದೆ, ಶಾಫ್ಟು ಕಾರ್ಬನ್ ಫೈಬರು.”

“ಎಷ್ಟ್ ಸಲ ಸಮುದ್ರಕ್ಕ ಹೋಗೀರಿ?”

“ಇನ್ನೂ ಇಲ್ಲ. ಮ್ಯಾನ್ಯುಯಲ್ ಓದ್ತಾ ಇದೀನಿ.”

“ಓದ್ರಿ, ಓದ್ರಿ. ನೀವು ಓದಿ ಮುಗಸೂದರಾಗ ಮುಂದಿನ ಮಾಡೆಲ್ ಬಂದಿರತೈತಿ.”

ನಾನು ಮೆಟ್ಟಿಲ ಮೇಲೆ ಕೂತು ನಕ್ಕಿದ್ದೆ. ಅಂಕಲ್ಲಿಗಿಂತ ನಾನು ಎಷ್ಟೋ ವಾಸಿ ಅಂದುಕೊಂಡಿದ್ದೆ. ಏಕೆಂದರೆ ನಾನು ವೀಡಿಯೋ ನೋಡಿದ್ದೆ. ರಾಶಿ ರಾಶಿ ನೋಡಿದ್ದೆ. ಪ್ರತಿಯೊಂದರಲ್ಲೂ ಟೋಪಿ ಹಾಕಿದ ಒಬ್ಬ ಮನುಷ್ಯ ಹುಲ್ಲುಹಾಸಿನಲ್ಲಿ ನಿಂತು, ಮಷೀನು ಬೀಸಿ, ತಾನೇ ಹೂತಿಟ್ಟ ಉಂಗುರವನ್ನು ತಾನೇ ತೆಗೆದು ಆಶ್ಚರ್ಯಪಡುತ್ತಿದ್ದ. ನಾನೂ ಅವನ ಜೊತೆ ಆಶ್ಚರ್ಯಪಟ್ಟೆ. ಕೆಳಗಿದ್ದ ಲಿಂಕು ಒತ್ತಿದೆ. ಮಷೀನಿನ ಜೊತೆ ಒಂದು ಟೋಪಿ, ಒಂದು ಜೊತೆ ಗ್ಲೌಸು, ಮಡಚುವ ಸಲಿಕೆ ಎಲ್ಲ ಫ್ರೀ ಬಂದವು. ಮಷೀನು ಕೆಲಸ ಮಾಡದಿದ್ದಾಗ ಏನು ಮಾಡಬೇಕೆಂದು ಮಾರುವವರಿಗೆ ಗೊತ್ತಿತ್ತು ನೋಡಿ. ಸುಮ್ಮನೆ ಅಗೆಯುತ್ತಿರಲಿ ಅಂತ ಸಲಿಕೆ ಕೊಟ್ಟಿದ್ದರು.

ಕಾಕೂ ಆ ಡಬ್ಬಿಯನ್ನು ಕಾಲಿನಿಂದ ತಿರುಗಿಸಿದರು, ಕೈಯಲ್ಲಿ ಮುಟ್ಟಲಿಲ್ಲ.

“ಇದೇನ್ ಬೇ, ಮಷೀನೋ, ಆಟಗಿ ಸಾಮಾನೋ?”

“ವಾಟರ್‌ಪ್ರೂಫ್ ಕಾಕೂ. ಕೊಂಡವರೆಲ್ಲಾ ಎಷ್ಟೊಂದು ಸ್ಟಾರ್ ಕೊಟ್ಟಿದಾರೆ ನೋಡಿ.”

“ನೀರು ಎಲ್ಲೀತನಕ?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಡಬ್ಬಿಯ ತಳದ ಸಣ್ಣಕ್ಷರ ತೋರಿಸಿದರು. ಕೆಳಗಿನ ದುಂಡನೆಯ ತಟ್ಟೆ ಮಾತ್ರ ನೀರಲ್ಲಿ ಇಳಿಯಬಹುದು, ಮೇಲಿನ ಪೆಟ್ಟಿಗೆಗೆ ಒಂದು ಅಲೆ ತಾಗಿದರೂ ಸತ್ತಂತೆ. ಆಮೇಲೆ ಕಾರ್‌ಪೋರ್ಟಿನ ಹಿಂದಿನಿಂದ ಅವರ ನೀಲಿ ಪ್ಲಾಸ್ಟಿಕ್ ಟಬ್ಬು ಬಂತು. ಅದರಲ್ಲಿ ಮರಳು, ನೀರು, ಎಲ್ ಕಮೀನೋ ರಸ್ತೆಯ ಇಂಡಿಯನ್ ಗ್ರೋಸರಿಯ ಕಲ್ಲುಪ್ಪು. ಹೊಸ ಮಷೀನು ಯಾರು ತಂದರೂ ಅವರು ಮೊದಲು ಮಾಡುತ್ತಿದ್ದ ಪರೀಕ್ಷೆ ಇದು. ನನ್ನ ಮಷೀನನ್ನು ಅದರ ಮೇಲೆ ಹಿಡಿದದ್ದೇ ತಡ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚತೊಡಗಿತು. ಟಬ್ಬಿನಲ್ಲಿ ಒಂದು ಗುಂಡುಸೂಜಿಯೂ ಇರಲಿಲ್ಲ.

ವಿಷಯ ಇಷ್ಟೇ. ಉಪ್ಪುನೀರು ವಿದ್ಯುತ್ತನ್ನು ಹರಿಸುತ್ತದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ ಅಗ್ಗದ ಮಷೀನಿಗೆ ಒದ್ದೆ ಮರಳೆಲ್ಲವೂ ಲೋಹವೇ. ಹಲವು ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಕೇಳಿಸಿಕೊಳ್ಳುವ ಮಷೀನಾದರೆ ಉಪ್ಪನ್ನು ಉಪ್ಪೆಂದು ಗುರುತಿಸಿ ಸುಮ್ಮನಿರುತ್ತದೆ. “ಅಗ್ಗಕ್ಕ ಬೇಕಂದ್ರ ಅಂಥಾದರಾಗ ಹಳೇ ಮಾಡೆಲ್ ತಗೋ, ಇನ್ನೊಬ್ರು ಉಪಯೋಗ್ಸಿ ಬ್ಯಾಸರಾಗಿ ಮಾರಿದ್ದು ತಗೋ. ಪೂರ್ತಿ ನೀರಿಗಿ ಇಳಿಯೂದು ಇರಬೇಕು. ಟೋಪಿ ನಿಮ್ಮಪ್ಪನ್ದು ಐತಲ್ಲ, ಅದನ್ನ ಹಾಕ್ಕೋ.” ಸಾವಿರ ವೀಡಿಯೋಗಳ ಸಾರ ಇಷ್ಟು. ಬೇಕಾದರೆ ಇಲ್ಲೇ ಓದು ನಿಲ್ಲಿಸಿ.

ಆದರೆ ಪರೀಕ್ಷೆಗೆ ಇನ್ನೊಂದು ಭಾಗವಿತ್ತು. “ನಿಮ್ಮ ಮನಿ ಬಂಗಾರ ಏನಾರ ತಗೊಂಬಾ. ಮಷೀನಿನ ಮುಂದ ಹಿಡದು, ಏನ್ ನಂಬರ್ ತೋರಸ್ತೈತಿ ಅಂತ ನೋಡಿ ಬರ್ಕೋಬೇಕು.”

“ಯಾಕೆ ಕಾಕೂ? ಉಂಗುರಕ್ಕೆ ಎಷ್ಟು, ಕಸಕ್ಕೆ ಎಷ್ಟು ಅಂತ ನಂಬರೆಲ್ಲಾ ವೀಡಿಯೋದಲ್ಲೇ ಹೇಳಿದಾರೆ.”

“ಆ ವೀಡಿಯೋದಾಂವ ನಿಮ್ಮ ಮನಿ ಅಳಿಯಾನೇನು?”

ನನಗೆ ಸಿಟ್ಟು ಬಂತು. ನಾಳೆ ತರುತ್ತೇನೆ ಅಂದೆ, ತರಲಿಲ್ಲ. ಮಷೀನನ್ನು ವಾಪಸು ಕಳಿಸಲೂ ಇಲ್ಲ. ಮುದುಕಿ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಅಂತ ಅಕ್ಕನ ಹತ್ತಿರ ಆಡಿಕೊಂಡೆ. ರೂಮಿನಲ್ಲಿ ಕೂತು ಟೋಪಿಯವನು ಹೇಳಿದ ಹಾಗೆ ಮಷೀನನ್ನು ಪಳಗಿಸಿದೆ. ಒದ್ದೆ ಮರಳಿಗೆ ಕಿರುಚದ ಹಾಗೆ ಕಿವಿ ಮಂದ ಮಾಡಿದೆ. ಅವನ ಪ್ರಕಾರ ಚಿನ್ನದ ಉಂಗುರ ಎಷ್ಟರಿಂದ ಎಷ್ಟರ ನಂಬರಿನೊಳಗೆ ಬರುತ್ತದೋ ಅಷ್ಟನ್ನು ಮಾತ್ರ ಉಳಿಸಿ, ಅದರ ಮೇಲಿನದು ಬಾಟಲಿ ಮುಚ್ಚಳ, ಕಸ ಎಂದು ಕತ್ತರಿಸಿಹಾಕಿದೆ. ಮಷೀನು ಸಾಧುವಾಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ತಿಂಗಳು ಅಕ್ಕ, ಭಾವ, ನಾನು ಹಾಫ್ ಮೂನ್ ಬೇ ಕಡೆಯ ಬೀಚಿಗೆ ಹೋದೆವು. ಅಕ್ಕ ಅಲೆಯಂಚಿನಲ್ಲಿ ಕೂತಿದ್ದಳು. ಒಂದು ದೊಡ್ಡ ಅಲೆ ಬಂದು ಮಗುಚಿ ಹಾಕಿತು. ಎದ್ದು, ನಗುತ್ತಾ ಕೂದಲು ಹಿಂದೆ ಸರಿಸಿಕೊಂಡವಳ ಕೈ ಕುತ್ತಿಗೆಯಲ್ಲೇ ನಿಂತಿತು. ಮಾಂಗಲ್ಯದ ಸರ ಇರಲಿಲ್ಲ.

ನಮ್ಮ ಮೈಸೂರು ಕಡೆ ಸರದಲ್ಲಿ ಎರಡು ತಾಳಿ ಇರುತ್ತವೆ, ತವರಿನದೊಂದು, ಅತ್ತೆಮನೆಯದೊಂದು. ಅಕ್ಕನ ತವರಿನ ತಾಳಿಯನ್ನು ಅಮ್ಮನ ಬಳೆ ಕರಗಿಸಿ ಮಾಡಿಸಿದ್ದೆವು. ಅಮ್ಮ ತೀರಿಕೊಂಡಿದ್ದು ಅಕ್ಕನ ಮದುವೆಗೆ ಎರಡು ತಿಂಗಳು ಮುಂಚೆ. ಆ ಬಳೆ ಬಿಟ್ಟರೆ ಅಮ್ಮನ ಮೈಮೇಲಿದ್ದದ್ದು ನಮ್ಮಲ್ಲಿ ಬೇರೇನೂ ಇರಲಿಲ್ಲ.

“ಅಳ್ಬೇಡ, ಹೊಸದು ಮಾಡಿಸೋಣ ಬಿಡು,” ಅಂದರು ಭಾವ. ಒಳ್ಳೆಯ ಮನುಷ್ಯ, ಆದರೆ ಕೆಲವು ಸಲ ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಒಳ್ಳೆಯವರು.

“ಅಕ್ಕ, ನಾನಿದೀನಿ,” ಅಂದೆ. ಕಾರಿನಿಂದ ಮಷೀನು ತಂದೆ. ಗ್ಲೌಸು ಕೂಡ ಹಾಕಿಕೊಂಡೆ, ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅಕ್ಕ ಕೂತಿದ್ದ ಜಾಗದ ಸುತ್ತ ಗೆರೆ ಎಳೆದ ಹಾಗೆ ಹಿಂದೆ ಮುಂದೆ ನಡೆದೆ. ಒಂದು ಗಂಟೆಯಾಯಿತು. ಮಷೀನು ಒಂದು ಸಲವೂ ಕೂಗಲಿಲ್ಲ. “ಇಲ್ಲಿಲ್ಲ,” ಎಂದು ಘೋಷಿಸಿದೆ. “ಅಲೆ ಒಳಗೆ ಎಳ್ಕೊಂಡು ಹೋಗಿದೆ.”

ಅಕ್ಕ ಬರಿಗೈಯಲ್ಲೇ ಮರಳು ಬಗೆಯತೊಡಗಿದಳು. ಸಮುದ್ರದ ಇಳಿತ ಮುಗಿದು ನೀರು ಮತ್ತೆ ಏರತೊಡಗಿತ್ತು. ಬೇರೆ ದಾರಿ ಇಲ್ಲದೆ ಕಾಕೂಗೆ ಫೋನ್ ಮಾಡಿದೆ. ನಾನು ಮಾತು ಮುಗಿಸುವ ಮೊದಲೇ, “ಯಾರೂ ಅಗೀಬ್ಯಾಡ್ರಿ. ಬಂದೆ,” ಎಂದು ಇಟ್ಟುಬಿಟ್ಟರು. ಬೆಟ್ಟ ದಾಟಿ ಅವರ ಹಳೆಯ ಕಾರು ಬರುವ ಹೊತ್ತಿಗೆ ಅಲೆಯ ನೊರೆ ನಾನು ಎಳೆದ ಮೊದಲ ಗೆರೆಯನ್ನು ನೆಕ್ಕುತ್ತಿತ್ತು.

“ಎಲ್ಲೆಲ್ಲಿ ನೋಡೀದಿ?”

“ಇಲ್ಲಿಂದ ಅಲ್ಲೀತನಕ ಪೂರ್ತಿ ಆಯ್ತು ಕಾಕೂ. ಅಲ್ಲಿಲ್ಲ. ಆ ಕಡೆ ನೋಡಬೇಕು.”

“ನೀ ಇಲ್ಲ ಅಂದಿಯಲ್ಲ? ಹಂಗಾರ ಅಲ್ಲೇ ಐತಿ.”

ಭಾವ ಸಹಾಯಕ್ಕೆ ಹತ್ತಿರ ಬಂದರು. “ಸಾಹೇಬ್ರ, ನೀವು ಆ ಕಡಿ ಸರೀರಿ. ನಿಮ್ಮ ಕಾರಿನ ಕೀಲಿ ನನ್ನ ಕಿವಿಯಾಗ ಒದರಾಕತ್ತೈತಿ.”

ಅವರು ನಡೆಯಲಿಲ್ಲ, ತೆವಳಿದರು ಅನ್ನಬೇಕು. ನಾನು ಹತ್ತು ಹೆಜ್ಜೆ ಹಾಕುವ ಕಡೆ ಒಂದು ಹೆಜ್ಜೆ. ತಟ್ಟೆ ಮರಳಿಗೆ ಅಂಟಿಕೊಂಡ ಹಾಗೆ ಎಡಕ್ಕೆ ಬಲಕ್ಕೆ ಹೊರಳುತ್ತಿತ್ತು. ಅಕ್ಕ ಕರಿಮಣಿ ಸರ ಎಷ್ಟುದ್ದ ಇತ್ತು ಎಂದು ಹೇಳಲು ಹೋದಳು.

“ಸರ ಸಿಗೂದಿಲ್ಲ ಮಗಳ. ಸಣ್ಣ ಸಣ್ಣ ಕೊಂಡಿ, ಯಾ ಮಷೀನಿಗೂ ಕಾಣೂದಿಲ್ಲ. ತಾಳಿ ಗಟ್ಟಿ ಐತೇನು? ಅಷ್ಟ ಹೇಳು.”

ಗಟ್ಟಿ ಅಂದಳು. ಅಮ್ಮನ ಬಳೆ ಪೂರ್ತಿ ಅದರಲ್ಲೇ ಇದೆ ಅಂದಳು. ಕಾಕೂ ಅವಳ ಮುಖವನ್ನೊಮ್ಮೆ ನೋಡಿ ಮತ್ತೆ ಬಗ್ಗಿದರು.

ನನ್ನ ಮೂರನೆಯ ಗೆರೆಯ ನಟ್ಟನಡುವೆ, ನನ್ನದೇ ಶೂಗುರುತಿನ ಪಕ್ಕದಲ್ಲಿ ನಿಂತರು. ಸೌಟು ಇಳಿಸಿದರು. ಮೊದಲ ಸಲ ಬರೀ ನೀರು. ಎರಡನೆಯ ಸಲ ಒಂದು ಚಿಪ್ಪು. ಅಷ್ಟರಲ್ಲಿ ಅಲೆಯೊಂದು ಬಂದು ಅವರ ಮೊಣಕಾಲಿಗೆ ಬಡಿದು ಗುಂಡಿ ಮುಚ್ಚಿತು. ಅವರು ಕದಲದೆ ಮಷೀನನ್ನು ಪೆಟ್ಟಿಗೆಯ ಸಮೇತ ಆ ನೀರಲ್ಲೇ ಅದ್ದಿ ಮತ್ತೆ ಕೇಳಿಸಿಕೊಂಡು, ಮೂರನೆಯ ಸಲ ಇಳಿಸಿ ಅಲ್ಲಾಡಿಸಿದರು. ಸೌಟಿನ ತಳದಲ್ಲಿ ಹಳದಿಯ ಒಂದು ಚೂರು ಉಳಿಯಿತು.

ಅಕ್ಕ ಅದನ್ನು ತಿರುಗಿಸಿ ನೋಡಿ, “ಇದು ಅಮ್ಮಂದು,” ಅಂದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ತಬ್ಬಿಕೊಂಡು ಫೋಟೋ ತೆಗೆಸಿಕೊಂಡಿರುತ್ತಿದ್ದರು. ಕಾಕೂ ಅಕ್ಕನ ಕೈಯಿಂದ ತಾಳಿಯನ್ನು ವಾಪಸು ಕೇಳಿದರು. ಜಾಕೆಟ್ಟಿನ ಅಂಚಿನಿಂದ ಉದ್ದನೆಯ ದಾರ ಎಳೆದು ಅದಕ್ಕೆ ಕಟ್ಟಿ, ದಾರದ ತುದಿಯನ್ನು ಅಕ್ಕನ ಬೆರಳಿಗೆ ಸುತ್ತಿದರು. ಆಮೇಲೆ ತಾಳಿಯನ್ನು ಒದ್ದೆ ಮರಳಿನ ಮೇಲಿಟ್ಟರು.

“ಅಯ್ಯೋ ಆಂಟಿ, ಮತ್ತೆ ಯಾಕೆ...”

“ತಡಿಯವ್ವಾ. ನಿನ್ನ ತಂಗಿ ಶಾಣ್ಯಾಕಿ ಆಗಬೇಕೋ ಬ್ಯಾಡೋ? ಲೇ ಹುಡುಗಿ, ನಿನ್ನ ಮಷೀನು ಬೀಸು.”

ಬೀಸಿದೆ. ಕಣ್ಣೆದುರು ಬಿದ್ದಿದ್ದ ನಮ್ಮಮ್ಮನ ಬಂಗಾರದ ಮೇಲೆ ನನ್ನ ಮಷೀನು ಮೂಗು ಸವರಿಕೊಂಡು ಹೋಯಿತು. ಸದ್ದಿಲ್ಲ. ಇನ್ನೊಮ್ಮೆ ಬೀಸಿದೆ. ಸದ್ದಿಲ್ಲ.

“ಈಗ ನೀ ಕತ್ತರಿಸಿದ್ದೆಲ್ಲಾ ವಾಪಸ್ ಹಚ್ಚು.”

ಗ್ಲೌಸು ಕಿತ್ತೆಸೆದು ಬಟನ್ನು ಒತ್ತಿದೆ. ಬೀಸಿದೆ. ಮಷೀನು ಗಂಟೆ ಹೊಡೆದ ಹಾಗೆ ಕೂಗಿತು. ತೋರಿಸಿದ ನಂಬರು, ಟೋಪಿಯವನು ಕಸ ಎಂದಿದ್ದ ಬಾಟಲಿ ಮುಚ್ಚಳದ್ದು.

“ಇಲ್ಲಿಯವರ ಉಂಗುರದಾಗ ಅರ್ಧ ಬಂಗಾರ, ಅರ್ಧ ಮತ್ತೇನೋ. ನಮ್ದು ಇಪ್ಪತ್ತೆರಡು ಕ್ಯಾರೆಟ್, ನಂಬರ್ ಮ್ಯಾಲೆ ಏರತೈತಿ. ಅದಕ್ಕ ಮನಿ ಬಂಗಾರ ತಾ ಅಂದಿದ್ದೆ. ಒಂದು ತಾಸು ನೀನು ನಿಮ್ಮವ್ವನ ಮ್ಯಾಲೆ ಅಡ್ಡಾಡೀದಿ, ಇಲ್ಲ ಇಲ್ಲ ಅಂತ ಹೇಳಿಕೊಂತ.”

ಅದಕ್ಕಿಂತ ಕಟುವಾದ ಮಾತನ್ನು ನನಗೆ ಇವತ್ತಿನವರೆಗೂ ಯಾರೂ ಆಡಿಲ್ಲ. ಆಡುವ ಯೋಗ್ಯತೆಯೂ ಬೇರೆ ಯಾರಿಗೂ ಇಲ್ಲ. ಅತ್ತೆಮನೆಯ ತಾಳಿ ಸಿಗಲಿಲ್ಲ. ನೀರು ಸೊಂಟಕ್ಕೆ ಬರುವವರೆಗೆ ಕಾಕೂ ಅದನ್ನೂ ಹುಡುಕಿದರು. ನಾನು ಥ್ಯಾಂಕ್ಸ್ ಅಂದಾಗ, “ಥ್ಯಾಂಕ್ಸ್ ಇಟ್ಕೋ, ಆ ಸಲಿಕಿ ಒಗಿ,” ಅಂದರು.

ಮುಂದಿನ ಎರಡು ವರ್ಷ ಅವರ ಹಿಂದೆಯೇ ನಡೆದೆ. ಒಂದು ಸಲವೂ ಶಹಬ್ಬಾಸ್ ಅನ್ನಲಿಲ್ಲ. ಹೋದ ಚಳಿಗಾಲದಲ್ಲಿ ಅಡುಗೆಮನೆಯಲ್ಲಿ ಕುಸಿದು ಬಿದ್ದವರು ಮೇಲೇಳಲಿಲ್ಲ. ಶ್ರದ್ಧಾಂಜಲಿಗೆ ಬಂದ ಆ ಕ್ಯುಪರ್ಟಿನೋ ಅಂಕಲ್ಲು ಮೈಕು ಹಿಡಿದು, “ಮೇಡಂಗೆ ತುಂಬಾ ನೈಸ್ ಹಾಬಿ ಇತ್ತು,” ಅಂದರು. ಬೀಚಿನಲ್ಲಿ ಸಿಕ್ಕಿದ್ದನ್ನು ಕಳೆದುಕೊಂಡವರನ್ನು ಹುಡುಕಿ ಅವರಿಗೇ ಮುಟ್ಟಿಸಿದ ಹೆಂಗಸಿನ ಬಗ್ಗೆ ಇಷ್ಟೇ ಹೇಳಲು ಬಂತು ಅವರಿಗೆ. ಅಕ್ಕ ನನ್ನ ಪಕ್ಕದಲ್ಲಿ ಕೂತು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಈಗ ಯಾವ ಬೀಚಿನಲ್ಲೂ ‘ಇಲ್ಲಿಲ್ಲ’ ಎಂಬ ಮಾತು ನನ್ನ ಬಾಯಿಗೆ ಬರುವುದಿಲ್ಲ. ‘ನನಗೆ ಕೇಳಿಸಲಿಲ್ಲ’ ಅನ್ನುತ್ತೇನೆ. ಕಾಕೂ ನನಗೆ ಬಿಟ್ಟುಹೋದದ್ದು ಅದು.

ನಿಮ್ಮ ಸರದಿ ಈಗ. ನಿಮ್ಮ ಮೊದಲ ಮಷೀನು ಯಾವುದು, ಒದ್ದೆ ಮರಳಿನಲ್ಲಿ ಅದು ಹೇಗೆ ಮರ್ಯಾದೆ ಕಳೆಯಿತು ಎಂದು ಬರೆಯಿರಿ. ಎಲ್ಲ ನೋಡಿದ್ದೇನೆ, ಇಲ್ಲಿಲ್ಲ ಎಂದು ನೀವು ಖಾತ್ರಿಯಾಗಿ ಹೇಳಿ ಎದ್ದುಬಂದ ಜಾಗ ಯಾವುದು, ಅಲ್ಲಿಗೆ ಆಮೇಲೆ ಯಾರು ಬಂದರು, ಅದನ್ನೂ ಬರೆಯಿರಿ.