ಸೂರಕ್ಕಿಯ ಕೊರಳಿಗೊಂದು ದುರ್ಬೀನು

ಶಹಾಬಾದಿನ ಜಹಾಂಗೀರ ಮೂವತ್ತು ವರ್ಷ ಕಲ್ಲು ಕೊರೆಯುವ ಯಂತ್ರ ಹಿಡಿದವನು. ಯಂತ್ರ ಬಿಟ್ಟರೂ ಅದರ ನಡುಕ ಅವನ ಕೈ ಬಿಟ್ಟಿರಲಿಲ್ಲ. ಅದನ್ನು ತೋರಿಸಿದರೆ ಖಣಿಯ ಮಾಲೀಕ, "ವಯಸ್ಸಾತಲ್ಲೋ," ಎಂದು ನಕ್ಕು ಕಳಿಸಿದ್ದ. ಈಗ ಉಳಿದದ್ದು ಒಂದೇ ಹಂಬಲ: ಹಿತ್ತಲಿನ ನುಗ್ಗೆಹೂವಿಗೆ ಬರುವ ಸೂರಕ್ಕಿಯ ಕೊರಳಿನ ಬಣ್ಣವನ್ನು ಹತ್ತಿರದಿಂದ ನೋಡಬೇಕು.

ಚಷ್ಮಾದಂಗಡಿಯ ಬಸವಂತರಾಯ ಎರಡು ಅಗ್ಗದ ದುರ್ಬೀನು ತೆಗೆದಿಟ್ಟ. ಜಹಾಂಗೀರ ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವುದಕ್ಕೇ ಕೈ ಹಾಕಿದ. ಕಣ್ಣಿಗೆ ಹಿಡಿದೊಡನೆ ಎದುರಿನ ತಂತಿಯ ಮೇಲಿನ ಗುಬ್ಬಿ ಕುಣಿಯತೊಡಗಿತು.

"ಗುಬ್ಬಿಗಿ ಚಳಿಜ್ವರ ಬಂದದೇನ್ರಿ ಸಾವ್ಕಾರ್ರೆ?"

"ಗುಬ್ಬಿ ಸುಮ್ಮ ಕುಂತದ ಜಹಾಂಗೀರ ಭಾಯ್. ನಿಮ್ಮ ಕೈ ನಡಗಲಿಕತ್ತಾವ. ದೊಡ್ಡ ದುರ್ಬೀನು ನಡುಕಾನೂ ದೊಡ್ಡದು ಮಾಡ್ತದ. ಈ ಎಂಟು ಪಟ್ಟಿಂದು ಹಿಡೀರಿ."

ಜಹಾಂಗೀರ ಯಂತ್ರಕ್ಕೆ ನಿಲ್ಲುತ್ತಿದ್ದ ಹಾಗೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು ನಿಂತ. ಗುಬ್ಬಿ ಸಣ್ಣದಾಯಿತು, ಆದರೆ ನಿಂತಿತು.

ಮರುದಿನ ಎಳೆಬಿಸಿಲಿನಲ್ಲಿ ನುಗ್ಗೆಹೂ ಕನಸಿನಂತೆ ತೂಗುತ್ತಿರಲು ಸೂರಕ್ಕಿ ಬಂತು. ಕೊರಳು ನೇರಳೆಯಾಯಿತು, ಹಸಿರಾಯಿತು, ಮತ್ತೆ ನೇರಳೆಯಾಯಿತು.

"ಸಾಕ್ರಿ, ನನಗೂ ಒಂದೀಟು ಕೊಡ್ರಿ," ಎಂದಳು ಹೆಂಡತಿ ಅಖ್ತರ ಬೇಗಂ.

"ತಡಿ, ಈಗ ಹಸರಾಗ್ಯಾದ," ಎಂದನೇ ಹೊರತು ಅವನು ಕೈ ಇಳಿಸಲಿಲ್ಲ.