ಕೂದಲಿರುವ ಕರಡಿ

ಅಕ್ಕನ ಹೊಲದ ಮನೆಯ ಹಿತ್ತಲಿನಲ್ಲಿ ಸಿಮೆಂಟಿನ ನೀರಿನ ಟಾಕಿ ಇದೆ. ನಾನು ಅದರ ಮೇಲೆ ನಿಂತಿದ್ದೆ. ಹೋದ ಮಾಘ ಮಾಸ, ಬುಧವಾರ, ಅಕ್ಕನ ಮಗನ ಮದುವೆಯ ಹಿಂದಿನ ದಿನ. ಬಿಸಿಲು ಆಗಷ್ಟೇ ಜೋಳದ ತೆನೆಗಳಿಗೆ ತಾಗಿತ್ತು, ಬುಡದಲ್ಲಿ ಇನ್ನೂ ಬಿದ್ದಿರಲಿಲ್ಲ. ಟಾಕಿಯ ಪಕ್ಕದ ಮಾವಿನ ಮರದಿಂದ ಹಂದರಕ್ಕೆ ಎಲೆ ಕಿತ್ತುಕೊಡುವುದು ನನಗೆ ಹೇಳಿದ್ದ ಕೆಲಸ.

ಆ ಬೆಳಿಗ್ಗೆ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಇನ್ನೊಬ್ಬರಿಂದ ತಿಳಿದದ್ದನ್ನು ಹಾಗೆಂದೇ ಹೇಳುತ್ತೇನೆ.

ಮನೆ ಮುಡಬಿಯ ಊರಾಚೆ ಇದೆ. ಅಂಗಳದಿಂದ ಪೂರ್ವಕ್ಕೆ ಒಂದು ಗಾಡಿದಾರಿ ಹೊರಟು ಡಾಂಬರು ರಸ್ತೆ ಸೇರುತ್ತದೆ. ದಾರಿಯ ಎರಡೂ ಬದಿಗೆ ಆಳೆತ್ತರದ ಜೋಳ. ನಡುವೆ ದಾರಿ ಸ್ವಲ್ಪ ತಿರುಗುವಲ್ಲಿ, ಎಡಕ್ಕೆ ಬದುವಿನ ಮೇಲೆ, ಬಾರಿಹಣ್ಣಿನ, ಅಂದರೆ ಎಲಚಿಯ, ಗಿಡ. ಅದರ ಹಿಂದೆ ಜೋಳ ದಾಟಿದರೆ ಹಳ್ಳ. ನೆಲದ ಮೇಲೆ ನಿಂತವರಿಗೆ ಇದಾವುದೂ ಕಾಣುವುದಿಲ್ಲ, ಜೋಳ ಮಾತ್ರ ಕಾಣುತ್ತದೆ. ಟಾಕಿಯ ಮೇಲಿದ್ದ ನನಗೆ ಗಿಡದಿಂದ ರಸ್ತೆಯವರೆಗೂ ಕಾಣುತ್ತಿತ್ತು. ಅಂಗಳದಲ್ಲಿ ಏಣಿ ಹತ್ತಿ ಹಂದರಕ್ಕೆ ಬಟ್ಟೆ ಬಿಗಿಯುತ್ತಿದ್ದ ಬಸವಕಲ್ಯಾಣದ ಶಾಮಿಯಾನದವನಿಗೂ ಕಾಣುತ್ತಿತ್ತು.

ಮದುವೆಗೆ ಕರಡಿ ಬರಹೇಳಿದ್ದರು. ಅಕ್ಕನ ಗಂಡ, ನಾನು ಮಾವ ಎನ್ನುತ್ತಿದ್ದವರು, ತಾಯಿಯ ಕಡೆಯಿಂದ ವಿಜಾಪುರದವರು. ಅಲ್ಲಿ ಮದುವೆ, ಪಲ್ಲಕ್ಕಿ ಎಂದರೆ ಕರಡಿ ಬೇಕು. ಕೊರಳಿಗೆ ತೂಗುಹಾಕಿಕೊಂಡು ಬಾರಿಸುವ ದೊಡ್ಡ ಚರ್ಮವಾದ್ಯ ಅದು; ಜೊತೆಗೆ ಅಗಲವಾದ ತಾಳ, ಶಹನಾಯಿ. ನಮ್ಮ ಕಡೆ ಬ್ಯಾಂಡು ಮತ್ತು ಹಲಗೆಯೇ ಹೆಚ್ಚು. ಹಾಗಾಗಿ ಊರಲ್ಲಿ ಒಂದು ವಾರದಿಂದ ಅದೇ ಮಾತು. ಹುಮನಾಬಾದಿನಿಂದ ಹಿಂದಿನ ಸಂಜೆ ನಾನು ಬರುವಾಗ, ಕೊನೆಯ ದಾರಿಗೆ ಹತ್ತಿದ ಆಟೋದವನೂ ಅದನ್ನೇ ಕೇಳಿದ.

"ನಿಮ್ಮಕ್ಕನ ಮನಿಗಿ ಕರಡಿ ಬರಾಕತ್ತಾವಂತಲ್ರಿ. ಕುಣಿತಾವೇನ್ರಿ?"

ಹಿಂದೆ ಕುಳಿತಿದ್ದ ಮುದುಕಿ ಅವನ ಬೆನ್ನಿಗೆ ತಿವಿದಳು. "ಏ ಹುಚ್ಚಾ, ಬಾರಸೂ ಕರಡಿ ಅದು. ಕುಣಿಯೂದು ನೀನು."

"ಬಾರಸೂದಿದ್ರ ಕಲ್ಯಾಣದಾಗ ಬ್ಯಾಂಡ್ ಇಲ್ಲೇನಬೇ? ನಾ ಮತ್ತ ಖರೇನ ಕರಡಿ ಅಂದು ಮಕ್ಕಳನ್ನ ಕರಕೊಂಡು ಬರೋನಿದ್ದೆ."

ಎಲ್ಲರೂ ನಕ್ಕೆವು. ಖರೇ ಕರಡಿಯನ್ನು ನಮ್ಮಲ್ಲಿ ಯಾರೂ ಹೊಲದಲ್ಲಿ ಕಂಡವರಲ್ಲ. ಚಿಂಚೋಳಿ ಕಡೆಯ ಕಾಡಿನಲ್ಲಿದೆಯಂತೆ ಎಂದು ಕೇಳಿದ್ದೆವು, ಅಷ್ಟೆ.

ಒಂದು ಗುರುತು ಸಿಕ್ಕಿತ್ತು, ನಿಜ. ಅಕ್ಕನ ಹೊಲಕ್ಕೆ ಕೂಲಿಗೆ ಬರುವ ಹೆಂಗಸು, ಹಳ್ಳದ ದಂಡೆಯ ಹುತ್ತವನ್ನು ಯಾರೋ ಅಗೆದು ಹಾಕಿದ್ದಾರೆ ಎಂದು ಎರಡು ದಿನ ಮೊದಲೇ ಹೇಳಿದ್ದಳಂತೆ. ಹಾವು ಹಿಡಿಯುವವರು ಬಂದಿರಬೇಕು ಎಂದು ಮಾವ ಹೇಳಿದರಂತೆ. ಗೆದ್ದಲು ತಿನ್ನಲು ಕರಡಿ ಹುತ್ತವನ್ನು ಹಾಗೆ ಅಗೆಯುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಹಳ್ಳದ ಕಡೆ ಹೋಗಿದ್ದ ಅದೇ ಹೆಂಗಸು ಜೋಳದೊಳಗಿಂದ ಓಡಿಬಂದಳು. ಅವಳು ಕಾಣುವ ಮೊದಲೇ ಅವಳ ದನಿ ಕೇಳಿಸಿತು.

"ಯಕ್ಕಾ, ಕರಡಿ ಬಂತು! ಕರಡಿ ಬಂತ್ರೇ ಯವ್ವಾ!"

ಅಡುಗೆಮನೆಯಿಂದ ಯಾರೋ ನಗುತ್ತ, "ಬರ್ಲಿ ಬಿಡು, ನೀ ಯಾಕ ಓಡಾಕತ್ತಿ?" ಎಂದರು. ಅಕ್ಕನ ದನಿ ಅದರ ಬೆನ್ನಿಗೇ ಬಂತು: "ಅಯ್ಯ, ಇಷ್ಟ ಲಗೂ ಬಂದ್ರಾ? ಚಾ ಸುದ್ದಾ ಇಟ್ಟಿಲ್ಲಲ್ಲ! ತಾಟ ಕೊಡ್ರಿ, ತಾಟ ಕೊಡ್ರಿ."

ಓಡಿಬಂದವಳು ದನದ ಕೊಟ್ಟಿಗೆಯ ಗೋಡೆಗೆ ಒರಗಿ ಕುಸಿದಳು. ಏದುಸಿರು ಬಿಡುತ್ತ ಕೈಯನ್ನಷ್ಟೇ ಹಳ್ಳದ ಕಡೆ ಎತ್ತಿದಳು. ನಾನು ಆ ಕಡೆ ತಿರುಗಿ ನೋಡಿದೆ.

ಬಾರಿಗಿಡದ ಕೆಳಗೆ ಕರಿಯದೇನೋ ಇತ್ತು. ಕರಿ ಕಂಬಳಿ ಹೊದ್ದು ಯಾರೋ ಬಗ್ಗಿ ಹಣ್ಣು ಆರಿಸುತ್ತಿದ್ದಾರೆ ಎಂದುಕೊಂಡೆ. ಅದು ತಲೆ ಎತ್ತಿತು. ಮೂತಿ ಮಾಸಲು ಬಿಳಿ. ಮತ್ತೆ ತಲೆ ಬಗ್ಗಿಸಿ ತಿನ್ನತೊಡಗಿತು.

ಅಷ್ಟರಲ್ಲಿ ಅಕ್ಕ ಅಂಗಳ ದಾಟಿ ಗಾಡಿದಾರಿ ಹಿಡಿದಿದ್ದಳು. ವಾದ್ಯದವರನ್ನು ದಾರಿಯಲ್ಲೇ ಎದುರುಗೊಂಡು, ಕಾಲಿಗೆ ನೀರು ಹಾಕಿ, ಕರಡಿಗೆ ಕುಂಕುಮ ಹಚ್ಚಿ ಕರೆತರುವುದು ಮಾವನ ಮನೆತನದ ರೂಢಿ. ಅವಳ ಒಂದು ಕೈಯಲ್ಲಿ ತಾಟು, ಅದರೊಳಗೆ ದೀಪ, ಕುಂಕುಮ, ವಿಭೂತಿ. ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ. ಗಾಳಿಗೆ ದೀಪ ಆರಬಾರದೆಂದು ಸೆರಗನ್ನು ಮುಂದೆ ಎಳೆದು ಮರೆ ಮಾಡಿಕೊಂಡಿದ್ದಳು. ಅವಳ ಕಣ್ಣು ದೀಪದ ಮೇಲಿತ್ತು. ದಾರಿಯನ್ನು ಅವಳು ನೋಡುತ್ತಲೇ ಇರಲಿಲ್ಲ.

"ಅಕ್ಕಾ! ಕರಡಿ! ಕರಡಿ ಅದ!" ಎಂದು ಕೂಗಿದೆ.

ಅವಳು ತಿರುಗಲೂ ಇಲ್ಲ. "ಕೇಳ್ಯಾದೋ ತಮ್ಮಾ. ದೀಪ ಆರ್ತದ, ಮಾತಾಡಸಬ್ಯಾಡ."

ನಾನು ಇನ್ನೂ ಜೋರಾಗಿ ಕೂಗಿದೆ. ಅವಳು ಹೆಜ್ಜೆಯ ವೇಗ ಹೆಚ್ಚಿಸಿದಳು. ನಿಲ್ಲು ಎಂದೆನೋ, ಹೋಗಬೇಡ ಎಂದೆನೋ ನನಗೆ ನೆನಪಿಲ್ಲ. ಅಂದೆ ಎಂದು ಬರೆಯಲಾರೆ. ಅಕ್ಕ ಹೇಳುವುದು ಬೇರೆ: "ನೀ ಬರೇ ಕರಡಿ ಕರಡಿ ಅಂತ ಒದರಾಕತ್ತಿದ್ದಿ. ತಡಾ ಆಯ್ತು, ಲಗೂ ಹೋಗು ಅಂತಿ ಅಂತ ನಾ ತಿಳದೆ."

ಎಚ್ಚರಿಸಲು ನನ್ನ ಬಾಯಲ್ಲಿದ್ದ ಒಂದೇ ಶಬ್ದ ಅವಳನ್ನು ಅದರ ಕಡೆಗೇ ಕಳಿಸುತ್ತಿತ್ತು. ಅದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಬೇರೆ ಶಬ್ದ ಮಾತ್ರ ಹೊಳೆಯಲಿಲ್ಲ. ದಾರಿ ತಿರುಗುವ ಜಾಗಕ್ಕೆ ಅವಳು ಬಂದಾಗಿತ್ತು. ಇನ್ನು ಸ್ವಲ್ಪ ನಡೆದಿದ್ದರೆ ಗಿಡದ ಬುಡ.

ಆಗ ಏಣಿಯ ಮೇಲಿಂದ ಶಾಮಿಯಾನದವನು ಕೂಗಿದ.

"ಆಪಾ! ನಕ್ಕೋ ಜಾವ್! ರೀಛ್ ಹೈ, ರೀಛ್!"

ನಮ್ಮ ಬಜಾರಿನಲ್ಲಿ ಎಲ್ಲರಿಗೂ ತಿಳಿದಿರುವ ಉರ್ದು ಅದು. ಅಕ್ಕಾ, ಹೋಗಬೇಡಿ ಎಂದು ಹೇಳಿದ; ರೀಛ್ ಎಂದರೆ ಆ ಪ್ರಾಣಿಯೇ. ಆ ಹೆಸರಿನ ವಾದ್ಯ ಯಾವ ಊರಲ್ಲೂ ಇಲ್ಲ. ಅಕ್ಕ ನಿಂತಳು. ಸೆರಗು ಸರಿಸಿ ತಲೆ ಎತ್ತಿದಳು.

ಶಾಮಿಯಾನದವನು ದನಿ ತಗ್ಗಿಸಿದ. ಆದರೂ ನನಗೆ ಕೇಳುತ್ತಿತ್ತು. "ಓಡಬ್ಯಾಡ್ರಿ ಆಪಾ. ಅದರ ಕಡೀ ನೋಡ್ಕೋತನೇ ಹಿಂದಕ್ಕ ಬರ್ರಿ. ಹಗೂರ. ಹಾಂ, ಹಂಗೇ." ಇದು ನಿನಗೆ ಹೇಗೆ ಗೊತ್ತು ಎಂದು ಆಮೇಲೆ ಕೇಳಿದೆ. "ನನಗೇನ್ ಗೊತ್ರಿ? ಕಚ್ಚೋ ನಾಯಿ ಬಂದ್ರ ಹಂಗ ಮಾಡ್ತೀವಿ. ಅದಕ್ಕ ಅಂದೆ," ಎಂದ.

ಅಕ್ಕ ಒಂದೊಂದೇ ಹೆಜ್ಜೆ ಹಿಂದೆ ಇಡತೊಡಗಿದಳು. ತಾಟು ಕೈಯಲ್ಲೇ ಇತ್ತು. ಕರಡಿ ಇನ್ನೂ ತಿನ್ನುತ್ತಿತ್ತು. ಎಲ್ಲ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಡಾಂಬರು ರಸ್ತೆಯಲ್ಲಿ ಒಂದು ಟೆಂಪೋ ಬಂದು ನಿಂತಿತು. ವಾದ್ಯದವರು ಇಳಿದು ಕರಡಿಗಳನ್ನು ಕೊರಳಿಗೆ ಹಾಕಿಕೊಳ್ಳುವುದು ಕಂಡಿತು. ಇಳಿದ ಕೂಡಲೇ ಬಾರಿಸುತ್ತ ಬರುವುದು ಅವರ ಪದ್ಧತಿ. ಅವರಿಗೂ ಅಕ್ಕನಿಗೂ ನಡುವೆ ಆ ಪ್ರಾಣಿ ಇತ್ತು. ಆ ಕಡೆಯಿಂದ ಸದ್ದು ಎದ್ದರೆ ಅದು ಈ ಕಡೆಗೇ ಓಡಬೇಕು.

ಮಾವ ಟಾಕಿಯ ಕೆಳಗೇ ಬಂದು ಏನಾಯಿತು ಎಂದು ಕೇಳುತ್ತಿದ್ದರು. "ಹಳ್ಳದ ಕಡೀಂದ ರೀಛ್ ಬಂದದ. ವಾದ್ಯದವರಿಗಿ ಫೋನ್ ಹಚ್ರಿ ಮಾವಾ, ಬಾರಸಬ್ಯಾಡ ಅನ್ರಿ," ಎಂದೆ. ಅವರಿಗೆ ಕಿವಿ ಮಂದ. ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕುತ್ತಿದ್ದರು. ಆ ಮಾತು ಪೂರ್ತಿ ನನಗೆ ಕೇಳಿತು.

"ಬಾರಸಬ್ಯಾಡ್ರಿ ಯಪ್ಪಾ. ಅಲ್ಲೇ ನಿಂದರ್ರಿ."

"ಯಾಕ್ರೀ ಯಜಮಾನ್ರ?" ಮೇಳದ ಹಿರಿಯನ ದನಿ.

"ಇಲ್ಲಿ ಕರಡಿ ಬಂದದ."

ಹಿರಿಯನ ದನಿ ನೊಂದಿತ್ತು. "ಹಂಗಂದ್ರ? ನಮಗ ಹೇಳಿ ಮತ್ತೊಂದ ಕರಡಿ ಕರಸೀರೇನ್ರಿ? ಎಲ್ಲೀದ್ರಿ ಅದು?"

"ಹಳ್ಳದ ಕಡೀಂದ ಬಂದದ!"

"ಯಾ ಹಳ್ಳೀದ್ರಿ? ನಮ್ಮ ಜಿಲ್ಲಾದ್ದೇನು?"

"ಏ ಯಪ್ಪಾ, ಕೂದ್ಲ ಇರೂ ಕರಡಿ! ನಾಕ ಕಾಲ ಇರೂದು!"

ಈಗ ಇದನ್ನು ಹೇಳುವಾಗ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆಗ ಮಾವ ಫೋನನ್ನು ಬಾಯಿಗೇ ಒತ್ತಿ ಹಿಡಿದು ಕೂಗುತ್ತಿದ್ದರು. ಅವರ ಹೆಂಡತಿ ದಾರಿಯಲ್ಲಿದ್ದಳು.

ಹಿರಿಯನಿಗೆ ಅರ್ಥವಾಗುವ ಹೊತ್ತಿಗೆ ತಾಳದವನು ಒಂದು ಸಲ ತಾಳ ತಟ್ಟಿಬಿಟ್ಟಿದ್ದ. ಒಂದೇ ಸಲ. ಮುಂದಿನ ಪೆಟ್ಟು ಬೀಳುವ ಮೊದಲು ಹಿರಿಯ ಅವನ ಕೈ ಹಿಡಿದನಂತೆ.

ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಗುರುತು ಟಾಕಿಯಿಂದ ಕಾಣಿಸಿತು. ಮೂತಿ ಎತ್ತಿ ಆ ಕಡೆ ಈ ಕಡೆ ಗಾಳಿ ಮೂಸಿತು. ಅಕ್ಕ ನಿಂತುಬಿಟ್ಟಳು. ತಂಬಿಗೆ ಅವಳ ಕೈಯಿಂದ ಜಾರಿ ಕಲ್ಲಿಗೆ ಬಡಿಯಿತು. ಪ್ರಾಣಿ ಮುಂಗಾಲನ್ನು ನೆಲಕ್ಕೆ ಹಾಕಿ, ಒಂದು ಒರಟು ಉಸಿರು ಬಿಟ್ಟು, ಅವಳ ಕಡೆಗೇ ನುಗ್ಗಿತು. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಬೇಕೆಂದು ಅನ್ನಿಸಿತ್ತು. ಕೆಲವೇ ನೆಗೆತ. ಆಮೇಲೆ ಅದು ಥಟ್ಟನೆ ದಾರಿಯ ಎಡಕ್ಕೆ ಹೊರಳಿ ಜೋಳದೊಳಗೆ ಹೋಯಿತು. ಮತ್ತೆ ನನಗೆ ಅದು ಕಾಣಲಿಲ್ಲ. ತೆನೆಗಳು ಒಂದು ಸಾಲಾಗಿ ಅಲುಗುತ್ತ ಹೋದವು. ಆ ಸಾಲು ಹಳ್ಳದ ದಂಡೆ ಮುಟ್ಟಿ ನಿಂತಿತು.

ಅಕ್ಕ ಅಂಗಳಕ್ಕೆ ನಡೆದೇ ಬಂದಳು. ಸೀರೆಯ ಮೇಲೆಲ್ಲ ಕುಂಕುಮ ಚೆಲ್ಲಿತ್ತು. ಅದನ್ನು ಕಂಡು ಒಳಗಿನ ಹೆಂಗಸರು ಚೀರಿದರು. "ಕುಂಕುಮ, ಕುಂಕುಮ," ಎಂದಳು. ತಾಟನ್ನು ಕೆಳಗಿಟ್ಟು ಕುಳಿತಳು.

ಮಧ್ಯಾಹ್ನ ಅರಣ್ಯ ಇಲಾಖೆಯ ಗಾರ್ಡು ಬಂದ. ಗಿಡದ ಬುಡ, ಅಗೆದ ಹುತ್ತ, ಹಳ್ಳದ ಮರಳಿನ ಹೆಜ್ಜೆ ಎಲ್ಲ ನೋಡಿ ಹಂದರದಲ್ಲಿ ಕುಳಿತು ಚಹಾ ಕುಡಿದ. "ಅದಕ್ಕ ಕಣ್ಣು ಮಂದ್ರಿ. ತಿನ್ನಾಕ ಕುಂತ್ರ ಕಿವೀನೂ ಮಂದ. ಗೊತ್ತಿಲ್ದಂಗ ಹತ್ರ ಹೋದ್ರ ಅಂಜಿ ಮೈಮ್ಯಾಲ ಬೀಳ್ತದ. ಹೊಲಕ್ಕ ಒಬ್ಬೊಬ್ಬರ ಹೋಗಬ್ಯಾಡ್ರಿ. ನಸುಕಿನ್ಯಾಗ ಹೋಗೂದಿದ್ರ ಮಾತಾಡ್ಕೋತ ಹೋಗ್ರಿ, ದೂರಿಂದ್ಲೇ ಅದಕ್ಕ ತಿಳೀಲಿ. ಕಂಡ್ರ ನಾಯಿ ಬಿಡಬ್ಯಾಡ್ರಿ, ಕಲ್ಲು ಒಗೀಬ್ಯಾಡ್ರಿ, ಸುತ್ತಗಟ್ಟಬ್ಯಾಡ್ರಿ. ಹೋಗಾಕ ಹಾದಿ ಬಿಡ್ರಿ."

"ಮದವಿಗಿ ಬಂದ ಬೀಗರಿಗೂ ಹಾದಿ ಬಿಡಬೇಕೇನ್ರಿ?" ಎಂದು ಶಾಮಿಯಾನದವನು ಏಣಿಯ ಮೇಲಿಂದ ಕೇಳಿದ. ಆ ದಿನ ಮೊದಲ ಸಲ ಎಲ್ಲರೂ ನಕ್ಕರು.

ಹಳ್ಳದ ಕಡೆ ಬೆಳಿಗ್ಗೆ ಯಾರೂ ಬಡಿಗೆ ಹಿಡಿದು ನಿಂತಿರಲಿಲ್ಲ. ನಿಂತಿದ್ದರೆ ಅದು ತಿರುಗಿ ದಾರಿಗೇ ಬರುತ್ತಿತ್ತು ಎಂದು ಗಾರ್ಡು ಹೇಳಿದ. ಆ ಬದಿ ಬರಿದಾಗಿದ್ದುದು ನಮ್ಮ ಜಾಣತನವೇನಲ್ಲ. ನಮಗೆ ಅಷ್ಟು ಹೊತ್ತು ಸಿಕ್ಕಿರಲಿಲ್ಲ. ಅವನು ಹೇಳಿದಂತೆ ಮದುವೆಯ ಎಂಜಲೆಲೆ, ಹಂಡೆಯಲ್ಲಿ ಉಳಿದ ಹುಗ್ಗಿ ಯಾವುದನ್ನೂ ಹೊಲದಂಚಿಗೆ ಸುರಿಯಲಿಲ್ಲ. ಎಲ್ಲವನ್ನೂ ಆಗಾಗಲೇ ಟ್ರ್ಯಾಕ್ಟರಿಗೆ ತುಂಬಿ ದೂರ ಸಾಗಿಸಿ ಹೂತರು.

ವಾದ್ಯದವರು ಬೆಳಿಗ್ಗೆಯೇ, ಹಳ್ಳದ ಕಡೆ ಎಲ್ಲ ಶಾಂತವಾದ ಮೇಲೆ, ಸದ್ದಿಲ್ಲದೆ ನಡೆದು ಬಂದಿದ್ದರು. ಆಗಲೇ ಅಕ್ಕ ಎದ್ದು ಅದೇ ತಾಟಿಗೆ ಹೊಸ ಕುಂಕುಮ ಹಾಕಿ, ದೀಪ ಹಚ್ಚಿ ಅಂಗಳದಲ್ಲೇ ಎದುರುಗೊಂಡಳು. ಹಿರಿಯನ ಕರಡಿಗೆ ಕುಂಕುಮ ಹಚ್ಚುವಾಗ ಅವಳು ಒಂದು ಹೆಜ್ಜೆ ಹಿಂದೆಯೇ ನಿಂತು ಕೈ ಚಾಚಿದಳು. ಅವನು ವಾದ್ಯವನ್ನು ಸ್ವಲ್ಪ ಬಗ್ಗಿಸಿ ಹಿಡಿದ.

"ಹಗೂರ ಹಚ್ರಿ ತಾಯಿ. ಇದು ಹಾಯೂದಿಲ್ಲ."

ನಾನು ಹುಮನಾಬಾದಿನ ಒಂದು ಔಷಧ ಕಾರ್ಖಾನೆಯ ಗೇಟಿನಲ್ಲಿ ಕೆಲಸ ಮಾಡುವವನು. ಪಾಳಿ ಬದಲಾಗುವ ಸೈರನ್ನಿನ ದನಿ ಬೇರೆ, ಅಪಾಯದ ಸೈರನ್ನಿನ ದನಿ ಬೇರೆ. ಅಪಾಯದ ಸೈರನ್ನು ಕೂಗಿದ ಮೇಲೆ ಯಾವ ಕಡೆ ಹೋಗಬೇಕೆಂದೂ ಮೈಕಿನಲ್ಲಿ ಹೇಳುತ್ತಾರೆ. ಇಷ್ಟು ವರ್ಷ ಅದನ್ನು ಕೇಳಿಯೂ ಹಾಗೇಕೆ ಎಂದು ನಾನು ಯೋಚಿಸಿರಲಿಲ್ಲ. ಅಕ್ಕನ ಹೊಲದ ಸುತ್ತಮುತ್ತ ಈಗ ಒಂದು ಒಪ್ಪಂದವಾಗಿದೆ. ಪ್ರಾಣಿ ಕಂಡವರು ಕರಡಿ ಎಂದು ಕೂಗುವುದಿಲ್ಲ. "ರೀಛ್, ಹಳ್ಳದ ಕಡೀ ಅದ, ಮನ್ಯಾಗ ಬರ್ರಿ" ಎನ್ನಬೇಕು. ಏನು, ಎಲ್ಲಿ, ಕೇಳಿದವರು ಏನು ಮಾಡಬೇಕು, ಮೂರೂ ಅದರಲ್ಲಿರಬೇಕು. ಮನೆಯೊಳಗಿನ ಮಾತಿಗೆ ಮಾತ್ರ ಮಾವ ಇಟ್ಟ ಹೆಸರೇ ಉಳಿದಿದೆ: ಕೂದ್ಲ ಇರೂ ಕರಡಿ.

ಆ ಕರಡಿ ಆಮೇಲೆ ಯಾರಿಗೂ ಕಂಡಿಲ್ಲ. ಬಂದ ದಾರಿಯಲ್ಲೇ ಹೋಗಿರಬೇಕು ಎಂದು ಗಾರ್ಡು ಹೇಳುತ್ತಾನೆ. ನಾನು ಅದನ್ನು ಖಚಿತವಾಗಿ ಹೇಳಲಾರೆ.

ಮಾವ ಅದನ್ನು ನೋಡಲೇ ಇಲ್ಲ. ಫೋನು ಹಿಡಿದು ನಿಂತಾಗ ಅವರ ಬೆನ್ನು ದಾರಿಯ ಕಡೆಗಿತ್ತು, ಎದುರಿಗೆ ಟಾಕಿಯ ಗೋಡೆ. ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕಂಡವರೆಲ್ಲ ಈಗಲೂ ಇದ್ದಾರೆ; ನನ್ನನ್ನು ಬಿಟ್ಟರೆ ಇವರು: ಹಳ್ಳದಿಂದ ಓಡಿಬಂದ ಹೆಂಗಸು, ಈಗಲೂ ಅದೇ ಹೊಲಕ್ಕೆ ಬರುತ್ತಾಳೆ, ಒಬ್ಬಳೇ ಬರುವುದಿಲ್ಲ. ಬಸವಕಲ್ಯಾಣದ ಶಾಮಿಯಾನದವನು. ರಸ್ತೆಯ ಕಡೆಯಿಂದ ಅದರ ಬೆನ್ನನ್ನಷ್ಟೇ ಕಂಡ ಮೇಳದ ಹಿರಿಯ ಮತ್ತು ಅವನ ತಾಳದವನು. ಮತ್ತೆ ಅಕ್ಕ. ಎಲ್ಲರಿಗಿಂತ ಹತ್ತಿರದಿಂದ ಕಂಡವಳು ಅವಳೇ. ಅಕ್ಕ ಇದ್ದಾಳೆ.